ಗಾಳಿಯ ಬದಿ

ತ್ರಿಯೆಸ್ತೆಯಲ್ಲಿ ಬೋರಾ ಗಾಳಿ ಎದ್ದ ದಿನ
ಬೀದಿಯುದ್ದಕ್ಕೂ ಹಗ್ಗ ಕಟ್ಟುತ್ತಿದ್ದರಂತೆ ಹಿಂದೆ,
ಜನ ಹಿಡಿದು ನಡೆಯಲೆಂದು.
ನಿವೆಸ್‌ಗೆ ಅಷ್ಟು ಗಾಳಿ ಬೇಡ.
ಅಡುಗೆಮನೆಯ ಕಿಟಕಿ ಒಂದು ಬೆರಳು ತೆರೆದಿದ್ದರೂ ಸಾಕು,
ಎಡಗಿವಿಯ ಮುಂದಿನಿಂದ ತುಟಿಯ ಕೊನೆಯವರೆಗೆ
ಯಾರೋ ಕಾದ ತಂತಿ ಎಳೆದ ಹಾಗೆ.
ಎರಡು ಸೆಕೆಂಡು.
ಮುಗಿದ ಮೇಲೂ ಅವಳು ಅಳುವುದಿಲ್ಲ;
ಅತ್ತರೆ ಕಣ್ಣೀರು ಆ ಕೆನ್ನೆಯ ಮೇಲೆಯೇ ಇಳಿಯಬೇಕಲ್ಲ.

ಇಪ್ಪತ್ತಾರು ವರ್ಷ ಬಂದರಿನ ಗೋದಾಮಿನಲ್ಲಿ
ಕಾಫಿಯ ರುಚಿ ನೋಡಿದವಳು.
ಚಮಚ ತುಟಿಗಿಟ್ಟು ಸೊರ್ರೆಂದು ಎಳೆದು, ಉಗುಳಿ, ಹೇಳುವಳು:
ಇದು ಒದ್ದೆ ಚೀಲದಲ್ಲಿ ಮಲಗಿತ್ತು,
ಇದು ಹಡಗಿನಲ್ಲಿ ಈರುಳ್ಳಿಯ ಪಕ್ಕ ಕೂತು ಬಂದಿದೆ.
ಮಾರ್ಚ್ ತಿಂಗಳ ಒಂದು ಮಂಗಳವಾರ
ಹನ್ನೊಂದನೆಯ ಬಟ್ಟಲಿನ ಎದುರು ಚಮಚ ಜಾರಿ ಬಿತ್ತು.
ಹಲ್ಲಿರಬೇಕು ಎಂದರು ಎಲ್ಲರೂ.
ಒಂದು ಕಿತ್ತರು. ಪಕ್ಕದ್ದೂ ಕಿತ್ತರು.
ಮೂರನೆಯದನ್ನು ಅವಳೇ ಬೇಡಿ ಕೀಳಿಸಿಕೊಂಡಳು.
ಹಲ್ಲು ಕಚ್ಚಿ ಸಹಿಸಲು ಹೇಳು ಎನ್ನುತ್ತಾಳೆ ಫೋನಿನಲ್ಲಿ ನನ್ನಕ್ಕ.
ಯಾವ ಹಲ್ಲು, ಎರ್ಮಿನಿಯಾ?

ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಕೇಳುತ್ತಾರೆ ಆಸ್ಪತ್ರೆಯಲ್ಲಿ.
ಬಂದಾಗ ಹತ್ತು. ಬರದಾಗ ಸೊನ್ನೆ.
ಬರುವುದನ್ನು ಕಾಯುವಾಗ ಎಷ್ಟು
ಎಂದು ಯಾರೂ ಕೇಳಿಲ್ಲ.
ಆ ಕಾಯುವಿಕೆಯೇ ಮನೆಯೆಲ್ಲ ತುಂಬಿಕೊಂಡಿದೆ.
ಹಲ್ಲುಜ್ಜುವ ಬ್ರಷ್ಷಿನ ಎದುರು ಕಾಲು ಗಂಟೆ ನಿಲ್ಲುತ್ತಾಳೆ,
ಸೂಪು ಆರಿಸುತ್ತ ಆರಿಸುತ್ತ ಹಸಿವನ್ನೇ ಆರಿಸುತ್ತಾಳೆ,
ನಗು ಬಂದರೆ ಅಂಗೈ ಅಡ್ಡ ಹಿಡಿದಳು ಕೆಲವು ದಿನ,
ಆಮೇಲೆ ನಗುವೇ ಬರುವುದು ಬಿಟ್ಟಿತು.
ಗೆಳತಿಯರು ಬಂದರು,
ಮುಖ ಕೊಟ್ಟು ಮಾತಾಡಲಿಲ್ಲ ಎಂದು ಮುನಿದು ಹೋದರು.
ಕೊಡಲು ಅವಳ ಬಳಿ ಇದ್ದದ್ದೇ ಅರ್ಧ ಮುಖ.

ನಾನೇನೂ ಸಾಚಾ ಅಲ್ಲ.
ಕೆಂಪಿಲ್ಲ, ಊತವಿಲ್ಲ, ಒಂದು ಗೀರೂ ಇಲ್ಲ;
ಒಂದು ರಾತ್ರಿ ಕೇಳಿಬಿಟ್ಟೆ:
ನಿವೆಸ್, ಇದು ಬರೀ ಮನಸ್ಸಿನದ್ದಿರಬಹುದೇ?
ಅವಳು ಮುಖ ತಿರುಗಿಸಲಿಲ್ಲ,
ತಿರುಗಿಸಿದರೆ ದಿಂಬು ತಾಕುತ್ತದೆ.
ಚಾವಣಿ ನೋಡುತ್ತ ಮಲಗಿದ್ದಳು.
ಬೆಳಿಗ್ಗೆ ಹೇಳಿದಳು:
ಹೌದು ಡಾರಿಯೋ, ಮನಸ್ಸಿನಲ್ಲೂ ಇದೆ.
ನೆಲಮಾಳಿಗೆಯಲ್ಲಿ ನೀರು ನಿಂತರೆ
ಮೇಲಿನ ಗೋಡೆಗೂ ತೇವ ಏರುವುದಿಲ್ಲವೇ?
ಹಾಗೆಂದು ಕೊಳಾಯಿ ಒಡೆದದ್ದು ಸುಳ್ಳೇ?

ನರದ ವೈದ್ಯೆ ಎರಡು ಚೀಟಿ ಬರೆದರು.
ಒಂದು ಮಾತ್ರೆಗೆ; ನುಂಗಿದರೆ ನೆಲ ದೋಣಿಯಾಗುತ್ತದೆ.
ಇನ್ನೊಂದು ಸಾನ್ ಜೊವಾನ್ನಿ ಗುಡ್ಡಕ್ಕೆ,
ಹುಚ್ಚಾಸ್ಪತ್ರೆಯ ಬೀಗ ತೆಗೆದು ಗುಲಾಬಿ ನೆಟ್ಟ ಜಾಗಕ್ಕೆ.
ನಿವೆಸ್‌ಳ ಅಜ್ಜಿ ಬೀಗದ ಕಾಲದಲ್ಲಿ ಒಳಹೋದವಳು
ಹೊರಗೆ ಬಂದಿರಲಿಲ್ಲ.
ಕೆನ್ನೆ ನೋಯುತ್ತದೆ ಎಂದರೆ ಅಲ್ಲಿಗಾ?
ಚೀಟಿ ಸಕ್ಕರೆ ಡಬ್ಬಿಯ ಕೆಳಗೆ ಬೇಸಿಗೆಯಿಡೀ ಇತ್ತು.
ನವೆಂಬರಿನಲ್ಲಿ ತಾನೇ ಎಳೆದು ತೆಗೆದಳು.
ನಿನ್ನೆ ರಾತ್ರಿ, ಎಂದಳು, ನನಗೆ ನನ್ನದೇ ಭಯವಾಯಿತು.
ನಾನು ಕೋಟು ಹುಡುಕಿದೆ. ಬೇರೇನೂ ತೋಚಲಿಲ್ಲ.

ಅಲ್ಲಿನ ಹುಡುಗಿ, ತುಲ್ಲಿಯಾ, ಅಂಕಿ ಕೇಳಲಿಲ್ಲವಂತೆ.
ಕುರ್ಚಿ ಹಿಡಿದು ನಿಂತು ಕೇಳಿದಳಂತೆ:
ನಾನು ನಿಮ್ಮ ಯಾವ ಬದಿಗೆ ಕೂರಲಿ?
ಅಷ್ಟಕ್ಕೇ ನಿವೆಸ್ ಅತ್ತಳು.
ಕಣ್ಣೀರು ಎಡಗೆನ್ನೆಯ ಮೇಲೂ ಇಳಿಯಿತು.
ಅಂದು ಏನೂ ಆಗಲಿಲ್ಲ.
ಮರುದಿನ ಆಯಿತು.

ಗುರುವಾರಕ್ಕೊಮ್ಮೆ ಗುಡ್ಡ ಹತ್ತುತ್ತೇವೆ.
ತಂತಿ ಇನ್ನೂ ಇದೆ; ಕಾಯುವುದು ಮಾತ್ರ
ಕೆಲವು ಕೋಣೆಗಳನ್ನು ಖಾಲಿ ಮಾಡಿಕೊಟ್ಟಿದೆ.
ಬೋರಾ ಇದ್ದರೆ ನಾನು ಗಾಳಿಯ ಬದಿಗೆ.
ಕುಳ್ಳ ನಾನು, ಅವಳ ಕೆನ್ನೆ ನನ್ನ ಟೋಪಿಗಿಂತ ಮೇಲೆ,
ಹೆಚ್ಚೇನೂ ತಡೆಯಲಾರೆ.
ಆದರೂ ತೋಳು ಹಿಡಿದುಕೊಳ್ಳುತ್ತಾಳೆ,
ಬಾಯಿ ಹೆಚ್ಚು ತೆರೆಯದೆ ಅನ್ನುತ್ತಾಳೆ:
ನಿನ್ನ ಈ ಕೋಟು
ಒದ್ದೆ ಚೀಲದಲ್ಲಿ ಮಲಗಿತ್ತು.