ಎರವಲು ಬಿಸಿಲು

ನಲ್ಲಿ ಬರುವುದು ನಾಲ್ಕೂ ಮುಕ್ಕಾಲಿಗೆ.
ಅದಕ್ಕೂ ಮೊದಲೇ ಎದ್ದು ವಾರಿಜತ್ತೆ
ರಾತ್ರಿ ನೆನೆಹಾಕಿದ ಅಂಟುವಾಳವನ್ನು
ಕತ್ತಲಲ್ಲೇ ಹಿಚುಕುತ್ತಾರೆ.
ನೊರೆಯ ಸದ್ದು ನನಗೆ ನಿದ್ದೆಯಲ್ಲೇ ಕೇಳುತ್ತದೆ,
ಏಡಿ ಮರಳಲ್ಲಿ ನಡೆದ ಹಾಗೆ.

ಲಾಲ್‌ಬಾಗಿನ ಈ ಚಾಳಿನ ಮೂರನೇ ಮಾಳಿಗೆಗೆ
ಬೂದಿ ಬರುವುದು ಕೆಳಗಿನ ಬೇಕರಿಯಿಂದ,
ಪಾವಿನ ಒಲೆಯದು, ಪುಕ್ಕಟೆ.
ಜರಡಿ ಹಿಡಿದು, ಹಳೇ ಪಂಚೆಯಲ್ಲಿ ಕಟ್ಟಿ,
ಹನಿಹನಿ ನೀರಿಳಿಸಿ ಅತ್ತೆ ಅದರ ಖಾರ ತೆಗೆಯುತ್ತಾರೆ.
ಮಸಿಬಟ್ಟೆ, ಕಾಲೊರಸು, ನನ್ನ ಗಂಡನ ಗ್ಯಾರೇಜಿನ ಪ್ಯಾಂಟು ಅದರ ಪಾಲು.
ನಾನೊಮ್ಮೆ ಪುಡಿಯ ಪೊಟ್ಟಣ ತಂದಾಗ ಬೈಯಲಿಲ್ಲ;
ಬೆಲೆ ಕೇಳಿ, ಮನಸ್ಸಿನಲ್ಲೇ ಬಂಗುಡೆಗೆ ಭಾಗಿಸಿ,
"ನಾಲ್ಕು ಮೀನು ಚರಂಡಿಗೆ ಹೋಯಿತು" ಎಂದರು, ಅಷ್ಟೆ.

ಗಂಜಿಯದೇ ಒಂದು ಕಥೆ.
ನಮ್ಮದು ಕುಚ್ಚಲಕ್ಕಿ; ತಿಳಿ ಕೆಂಪು,
ಬಿಳಿ ಅಂಗಿಗೆ ಹಾಕಿದರೆ ಅಂಗಿಗೇ ಜ್ವರ.
ಹಾಗಾಗಿ ಪಾರಗಾಂವ್ಕರ್ ವಹಿನಿಯ ಪಾತೇಲಿಯಿಂದ
ಬೆಳ್ತಿಗೆ ಅನ್ನದ ಗಂಜಿ ಒಂದು ಚೆಂಬು;
ಬದಲಿಗೆ ಅವರ ಪೈಠಣಿಗೆ, ವರ್ಷಕ್ಕೆರಡು ಸಲ, ನಮ್ಮ ನೊರೆ.
ಅವರು ಕುಕ್ಕರ್ ಕೊಂಡ ವಾರ ಇಬ್ಬರಿಗೂ ಮಾತಿರಲಿಲ್ಲ.

ಆದರೆ ಅರಿಶಿನ!
ಸೋಪು ಮುಟ್ಟಿಸಿದರೆ ಕೆಂಪಾಗುತ್ತದೆ, ಹೋಗುವುದಿಲ್ಲ.
ಅದಕ್ಕೆ ಬಿಸಿಲೇ ಬೇಕು. ಬಿಸಿಲು
ನಮ್ಮ ಗ್ಯಾಲರಿಗೆ ಒಂಬತ್ತರಿಂದ ಹನ್ನೊಂದರವರೆಗೆ ಬರುತ್ತಿತ್ತು,
ಎದುರಿನ ಮಿಲ್ಲಿನ ಜಾಗದಲ್ಲಿ
ನಲವತ್ತೆರಡು ಮಾಳಿಗೆ ಏಳುವ ತನಕ.
ಮೊದಲು ಅರ್ಧ ಗಂಟೆ ಹೋಯಿತು, ಆಮೇಲೆ ಹಗ್ಗದ ಎಡತುದಿ,
ಒಂದು ಸೋಮವಾರ ಪೂರ್ತಿ.
ನಾದಿನಿಯ ಮದುವೆಯಲ್ಲಿ ಹಳದಿ ಮೆತ್ತಿದ
ಅತ್ತೆಯ ಬಿಳಿ ನೂಲಿನ ಸೀರೆ
ಮಳೆಗಾಲ ದಾಟಿಯೂ ಹಾಗೇ ಉಳಿಯಿತು.
ತೊಳೆಯುವರು, ಹಿಂಡುವರು, ಮಡಚಿಡುವರು,
ಏನೂ ಅನ್ನರು.

ಕಾರ್ತಿಕದ ಒಂದು ಮಧ್ಯಾಹ್ನ, ಮೂರೂ ಮುಕ್ಕಾಲು,
ನಾನು ಅಕ್ಕಿ ಆರಿಸುತ್ತಿದ್ದೆ. ಮೊರದೊಳಗೆ ಬೆಳಕು ಬಿತ್ತು.
ಅದೇ ಕಟ್ಟಡದ ಗಾಜು
ಪಡುವಣದ ಸೂರ್ಯನನ್ನು ಹಿಡಿದು ನಮ್ಮತ್ತ ತಿರುಗಿಸಿತ್ತು,
ತಿಳಿಯದೆ ಚಿಲ್ಲರೆ ಹೆಚ್ಚು ಕೊಟ್ಟ ಅಂಗಡಿಯವನ ಹಾಗೆ.
ಅತ್ತೆ ಸೀರೆ ತಂದರು. ಒದ್ದೆ ಮಾಡಿ,
ನಿಂಬೆಸಿಪ್ಪೆ ಉಜ್ಜಿ ಹರವಿದರು,
ಬೆಳಕು ಸರಿದಂತೆ ಸರಿಸಿದರು,
ಹಸುಗೂಸಿನ ಮಗ್ಗುಲು ಬದಲಿಸಿದಂತೆ.
ಇಪ್ಪತ್ತು ನಿಮಿಷ.
ಮರುದಿನ ಮತ್ತೆ ಇಪ್ಪತ್ತು. ಕ್ಯಾಲೆಂಡರಿನಲ್ಲಿ
ಹಾಲಿನ ಲೆಕ್ಕದ ಕೆಳಗೆ ಒಂದೊಂದು ಗೀಟು.

ಇವತ್ತಿಗೆ ಹದಿನೇಳು.
ಸೆರಗಿನಲ್ಲಿ ಇನ್ನೊಂದು ಬೆರಳಗಲ ಉಳಿದಿದೆ.
ವಹಿನಿ ಬಾಗಿಲಲ್ಲಿ ನಿಂತು ಕೇಳಿದರು:
ನಮ್ಮದೂ ಒಂದು ಚಾದರವಿದೆ, ಒಂದು ದಿನ ಬಿಸಿಲು ಬಿಡ್ತೀರಾ?
ಅತ್ತೆ ಯೋಚಿಸಿದರು.
"ಗುರುವಾರ ತನ್ನಿ. ಗಂಜಿ ಮಾತ್ರ ದಪ್ಪಗಿರಲಿ."