ಆಡಿನ ಹೊಟ್ಟೆಯಲ್ಲಿ ಸಿಕ್ಕಿದ್ದು

ಟೊಲೀಡೊದಲ್ಲಿ ನಾವು ಈ ಕಾರನ್ನು ಆಡು ಅನ್ನುತ್ತೇವೆ.
ಅರವತ್ತೇಳರ ಪಾಂಟಿಯಾಕ್, ಜಿ.ಟಿ.ಓ.
ಮೂರಕ್ಷರ ತಿರುಚಿ ಯಾರೋ ಇಟ್ಟ ಅಡ್ಡಹೆಸರು.
ಆಡು ಮುಟ್ಟದ ಸೊಪ್ಪಿಲ್ಲ;
ಇದು ಮುಟ್ಟದ ಪೆಟ್ರೋಲ್ ಬಂಕೂ ಇಲ್ಲ,
ಮೌಮೀ ನದಿಯ ಈ ದಡದಲ್ಲಿ, ಆ ದಡದಲ್ಲಿ.

ಜಿನೀವಾ ಪ್ರೂಯಿಟ್ ಅಜ್ಜಿಯ ಶೆಡ್ಡಿನಿಂದ
ನಾಲ್ಕೂ ಚಕ್ರ ಗಾಳಿ ಬಿಟ್ಟಿದ್ದನ್ನು
ನವೆಂಬರಿನಲ್ಲಿ ಟ್ರೇಲರಿಗೆ ಎಳೆದು ತಂದೆ.
ಬಾನೆಟ್ಟಿನೊಳಗೆ ಇಲಿಗಳ ಮೂರು ತಲೆಮಾರು,
ಏರ್ ಫಿಲ್ಟರಿನ ತುಂಬ ಅಕ್ರೋಟಿನ ಸಿಪ್ಪೆ.
ದುಡ್ಡು ಎಣಿಸಿಕೊಳ್ಳುತ್ತ ಆಕೆ ಹೇಳಿದ್ದು ಒಂದೇ ಮಾತು:
"ಎರಡನೇ ಗೇರು ಹಟಮಾರಿ. ಮುದ್ದು ಮಾಡಬೇಡ."
ಗಂಡನ ಕಾರು, ಗಂಡನ ಮಾತೇ ಇರಬೇಕು
ಅಂದುಕೊಂಡೆ. ಗೋಡೆಯಲ್ಲಿ ಅವನಿದ್ದ,
ಅಂಚೆಯವನ ಟೋಪಿ ಹಾಕಿಕೊಂಡು.

ಆಮೇಲೆ ಉಜ್ಜಿದ್ದೇ ಉಜ್ಜಿದ್ದು.
ಎಂಬತ್ತರ ಕಾಗದ, ನೂರೆಂಬತ್ತರದು, ಮುನ್ನೂರಿಪ್ಪತ್ತರದು.
ಕಪ್ಪಿನಡಿ ಕೆಂಪು, ಕೆಂಪಿನಡಿ ಬೂದಿ,
ಬೂದಿಯಡಿ ಕಾರ್ಖಾನೆಯ ಹಸಿರು,
ಆಗಷ್ಟೇ ಸುಲಿದ ಬಟಾಣಿಯ ಹಾಗೆ.
ಹಿಂದಿನ ಮಡ್‌ಗಾರ್ಡಿನಲ್ಲಿ ಬೆರಳು ದಪ್ಪ ಪುಟ್ಟಿ,
ಪುಟ್ಟಿಯೊಳಗೆ ತುರುಕಿದ ಪತ್ರಿಕೆ,
ಅದರಲ್ಲೊಂದು ಮದುವೆ, ಅರ್ಧ ಹವಾಮಾನ.

ಟಿಬೋರ್ ದಿನಾ ಸಂಜೆ ಬರುತ್ತಿದ್ದ
ಬಿಯರ್ ಸಮೇತ, ಸಲಹೆ ಸಮೇತ.
"ಈ ಮುದಿ ಎಂಜಿನ್ ಕಿತ್ತೆಸೆ. ಕಂಪ್ಯೂಟರ್ ಇರುವ ಹೊಸದು ಕೂರಿಸು.
ಹಿಮದಲ್ಲೂ ಒಂದೇ ಕೀಲಿಗೆ ಏಳುತ್ತದೆ."
ನಾನು ಕಾರ್ಬುರೇಟರಿನ ನಾಲ್ಕೂ ಗಂಟಲಿಗೆ
ದೀಪ ಹಿಡಿದು ನೋಡುತ್ತಿದ್ದೆ, ಮಕ್ಕಳ ಡಾಕ್ಟರಂತೆ.
"ಬ್ರೇಕ್ ಮಾತ್ರ ಬದಲಿಸುತ್ತೇನೆ," ಅಂದೆ.
"ಹಳೆಯ ಡ್ರಮ್ಮು ಒತ್ತಿದರೆ ಎಡಕ್ಕೆ ಎಳೆಯುತ್ತೆ,
ನಿಲ್ಲುವ ಹೊತ್ತಿಗೆ ಮಿಷಿಗನ್ ಬಂದಿರುತ್ತೆ."

ಫೆಬ್ರವರಿಯ ಒಂದು ಭಾನುವಾರ
ಚಾಲಕನ ಸೀಟು ಬಿಚ್ಚಿ, ಕೊಳೆತ ಕಾರ್ಪೆಟ್ ಎತ್ತಿದೆ.
ನೆಲ ಇರಲಿಲ್ಲ.
ನೆಲವಿರಬೇಕಾದ ಕಡೆ ಎಂಟು ಮೂಲೆಯ ತಗಡು,
ಸುತ್ತ ಇಪ್ಪತ್ತಾರು ರಿವೆಟ್ಟು, ಮೇಲೆ ಡಾಂಬರು.
ಚಾಕುವಿನಿಂದ ಕೆರೆದೆ. ಕೆಂಪು.
ಇನ್ನೂ ಕೆರೆದೆ. ಬಿಳಿ. ಒಂದು ಅಕ್ಷರ, ಇನ್ನೊಂದು.
ಸ್ಟಾಪ್.
ಬೀದಿಯ ಮೂಲೆಯಲ್ಲಿ ಕಂಬ ಹತ್ತಿ ನಿಲ್ಲಬೇಕಾದ್ದು
ಆಕ್ಸಿಲರೇಟರಿನ ಕೆಳಗೆ ಅಂಗಾತ ಮಲಗಿತ್ತು.
ಹಿಮ್ಮಡಿ ಊರಿದ ಜಾಗ
ಬಟ್ಟಲಿನಷ್ಟು ತಗ್ಗಿತ್ತು.

ಟಿಬೋರ್ ಸಿಮೆಂಟಿನ ಮೇಲೇ ಕೂತು ನಕ್ಕ:
"ಆಡು ಅಂದರೆ ಆಡು! ಇದನ್ನೂ ಮೇಯ್ದಿದೆ."

ಮೇ ತಿಂಗಳಲ್ಲಿ ಅಜ್ಜಿಯನ್ನು ಕರೆತಂದೆ.
ಆಕೆ ಹಸಿರು ನೋಡಲಿಲ್ಲ, ಕ್ರೋಮು ನೋಡಲಿಲ್ಲ.
ಊರುಗೋಲು ನನ್ನ ಕೈಗಿತ್ತು, ಬಾಗಿಲು ತೆಗೆದು,
ಮ್ಯಾಟ್ ಸರಿಸಿ ಕೇಳಿದಳು:
"ನನ್ನ ಫಲಕ ಎಲ್ಲಿ?"

ನನ್ನ?

"ಮತ್ಯಾರದು? ನಮ್ಮ ಬೀದಿ ಮೂಲೆಯದು.
ಎಪ್ಪತ್ತನಾಲ್ಕು, ಪೆಟ್ರೋಲ್ ಸಿಗದ ಚಳಿಗಾಲ.
ರಾತ್ರಿ ಪಾಳಿ ಮುಗಿಸಿ ಬರುವಾಗ
ನರಪಿಳ್ಳೆಯಿಲ್ಲದ ಆ ಮೂಲೆಯಲ್ಲಿ
ದಿನಾ ನಿಲ್ಲು, ಹೊರಡು, ನಿಲ್ಲು, ಹೊರಡು.
ನಿಂತು ಹೊರಡುವುದಕ್ಕೆ ಇದು ಎಷ್ಟು ಕುಡಿಯುತ್ತೆ, ಗೊತ್ತೇನು?
ಉಪ್ಪು ತಿಂದು ನೆಲವೂ ತೂತಾಗಿತ್ತು.
ಒಂದೇ ಸ್ಪ್ಯಾನರಿಗೆ ಎರಡು ಕೆಲಸ."

"ಮತ್ತೆ ನಿಮ್ಮ ಯಜಮಾನರು?"

"ಆರ್ವಿಲ್ಲಾ? ಬಲಗಡೆ ಕೂತು ಕಣ್ಣು ಮುಚ್ಚಿಕೊಳ್ಳುತ್ತಿದ್ದ.
ಅದೂ ಒಂದು ಕೆಲಸವೇ. ಚೆನ್ನಾಗಿ ಮಾಡುತ್ತಿದ್ದ."

ಗೋಡೆಗೆ ತಗುಲಿಸಿದ್ದನ್ನು ಇಳಿಸಿ
ಹೊಸ ನೆಲದ ಮೇಲೆ, ಹಳೆಯ ಜಾಗದಲ್ಲೇ
ಮತ್ತೆ ಬಿಗಿದೆ. ಇಪ್ಪತ್ತಾರು ರಿವೆಟ್ಟು.
ಅಜ್ಜಿ ಎಣಿಸಿದಳು.

ಜುಲೈ ಪ್ರದರ್ಶನದಲ್ಲಿ ಬಿಳಿ ಕೈಗವಸಿನ ತೀರ್ಪುಗಾರ
ಮ್ಯಾಟ್ ಎತ್ತಿ ನೋಡಿ ಬರೆದುಕೊಂಡ:
ಮೂಲದ್ದಲ್ಲ, ಎಂಟು ಅಂಕ ಕಡಿತ.
ಬ್ರೇಕಿಗೆ ಇನ್ನೈದು.

ವಾಪಸು ಬರುವಾಗ ಅಜ್ಜಿ ಕೀಲಿ ಕೇಳಿದಳು. ಕೊಟ್ಟೆ.
ಎರಡನೇ ಗೇರನ್ನು ಮುದ್ದು ಮಾಡಲಿಲ್ಲ.
ಆ ಬೀದಿ ಬಂತು. ಆ ಮೂಲೆ ಬಂತು.
ನಗರಸಭೆಯವರು ಯಾವತ್ತೋ ನೆಟ್ಟ ಬೇರೆ ಫಲಕ
ಬಿಸಿಲಿಗೆ ಕೆಂಪಗೆ ನಿಂತಿತ್ತು.

ಹೊಸ ಬ್ರೇಕು ಎಷ್ಟು ಚೆನ್ನಾಗಿ ಹಿಡಿಯುತ್ತದೋ
ಇವತ್ತಿಗೂ ನನಗೆ ಗೊತ್ತಿಲ್ಲ.
ಬಲಗಡೆ ಕೂತವನು
ನನ್ನ ಕೆಲಸ ನಾನು ಮಾಡಿದೆ.