ಮೂರನೆಯ ಕಿಟಕಿ

ಹತ್ತರಿಂದ ಹನ್ನೆರಡು, ಮುದುಕರ ಹೊತ್ತು.
ಬಾಗಿಲಾಚೆ ಎರಡೆರಡು ಮೀಟರಿಗೆ ಒಂದೊಂದು ಕೋಟು.
ಲುಬ್ಲಿನ್ನಿನ ಏಪ್ರಿಲ್ ಗಾಳಿ ಅವರ ನಡುವೆ
ಯಾರಪ್ಪಣೆಯೂ ಇಲ್ಲದೆ ಓಡಾಡುತ್ತದೆ.
ಮೂರನೆಯ ಕಿಟಕಿಯಲ್ಲಿ ನಾನು,
ನನ್ನ ಮುಂದೆ ಹೊಸದಾಗಿ ಬಿಗಿದ ಪ್ಲಾಸ್ಟಿಕ್ ಗಾಜು,
ಅದರಡಿ ಒಂದು ಸೀಳು:
ಅಂಗೈ ತೂರುವಷ್ಟು, ಮಾತು ತೂರದಷ್ಟು.

ಹಾಗಾಗಿ ಎಲ್ಲರೂ ಕೂಗುತ್ತಾರೆ.
ಊರ ಗುಟ್ಟೆಲ್ಲ ಈಗ ಅಂಚೆಕಚೇರಿಯಲ್ಲಿ ಬಟಾಬಯಲು.

ತಿಂಗಳ ಏಳಕ್ಕೆ ಜೆನೋವೆಫಾ ಬರುತ್ತಾಳೆ.
ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಸವೆದವಳು.
ಮೂಗು ಬಾಯಿಗೆ ಕಟ್ಟಿದ್ದು ಹಳೇ ಮೇಜುಬಟ್ಟೆಯ ತುಂಡು,
ಅಂಚಿನ ಕೈಹೊಲಿಗೆ ಮಾತ್ರ ಗೆರೆ ಎಳೆದ ಹಾಗೆ.
ನಲವತ್ತು ಜ್ಲೋಟಿ, ಮನಿಯಾರ್ಡರು.
ಯಾರಿಗೆ ಎಂಬಲ್ಲಿ ಗಡಿಯ ಹತ್ತಿರದ ಆಶ್ರಯಧಾಮ.
ಯಾತಕ್ಕೆ ಎಂಬಲ್ಲಿ: ಹಂದಿಗೆ.

ಮೊದಲ ಸಲ ನಕ್ಕಿದ್ದೆ.
"ಸರಿಯಾಗಿ ಬರೀರಿ, ಮೇವಿಗೋ, ಔಷಧಿಗೋ?"
"ಅದನ್ನು ಅವಳನ್ನೇ ಕೇಳಿಕೊಳ್ಳಲಿ."

ಅವಳ ಹೆಸರು ಹ್ರಾಬಿನಾ. ಅಂದರೆ ಜಮೀನ್ದಾರಿಣಿ.
ಕಸಾಯಿಖಾನೆಯ ಲಾರಿ ತಿರುವಿನಲ್ಲಿ ಮಗುಚಿದಾಗ
ಮುಸುಕಿನ ಜೋಳಕ್ಕೆ ನುಗ್ಗಿ
ಮೂರು ದಿನ ಯಾರ ಕೈಗೂ ಸಿಗದವಳು.
ಅರ್ಧ ಕಿವಿ. ಕುಂಟು ಹಿಂಗಾಲು.
ಎರಡು ಭಾನುವಾರಕ್ಕೊಮ್ಮೆ ಬಸ್ಸು ಹತ್ತಿ
ಚೀಲದ ತುಂಬ ಸೇಬಿನ ಸಿಪ್ಪೆ,
ಒಂದು ತಗಡಿನ ಡಬ್ಬಿಯಲ್ಲಿ ಅಕ್ರೋಟು
ಒಯ್ಯುತ್ತಿದ್ದಳು ಮುದುಕಿ.

ಈಗ ಬಸ್ಸಿಲ್ಲ. ಈಗ ಫೋನು.
ಯಾರೆಕ್ ಅನ್ನುವ ಹುಡುಗ ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತು
ಆ ಅರ್ಧ ಕಿವಿಗೆ ಹಿಡಿಯುತ್ತಾನಂತೆ.
"ಹೆಸರು ಕರೆದೆ, ಮಲಗೇ ಇದ್ದಳು.
ಹಾಡಿದೆ, ಬೆನ್ನು ತಿರುಗಿಸಿದಳು.
ಆಮೇಲೆ ಡಬ್ಬಿ ಅಲ್ಲಾಡಿಸಿದೆ ನೋಡು,
ಎದ್ದಳಂತೆ! ಬಾಗಿಲವರೆಗೆ ಕುಂಟಿಕೊಂಡು ಹೋಗಿ
ಆಚೆ ನೋಡುತ್ತ ನಿಂತಳಂತೆ, ಕತ್ತಲಾಗುವವರೆಗೆ."
ಗಾಜಿನಾಚೆ ಒಂದು ಕ್ಷಣ ಕೂಗು ನಿಂತಿತು.
"ಡಬ್ಬಿಯಲ್ಲಿದ್ದದ್ದು ಗುಂಡಿ. ಕೋಟಿನ ಗುಂಡಿ.
ಅಕ್ರೋಟು ಮುಗಿದಿತ್ತು."

ಬಾಗಿಲಿನಿಂದ ಯಾರೋ:
"ಮನುಷ್ಯರೇ ಉಸಿರಿಲ್ಲದೆ ಸಾಯುತ್ತಿರುವಾಗ
ಹಂದಿಗೆ ದುಡ್ಡಂತೆ, ಹಂದಿಗೆ!"
ಅವಳು ತಿರುಗಲಿಲ್ಲ.
ಪೆನ್ನಿನ ದಾರ ಬೆರಳಿಗೆ ಸುತ್ತುತ್ತ
ಫಾರಮ್ಮಿಗೆ ಹೇಳುವವಳಂತೆ ಹೇಳಿದಳು:
"ಏಳು ವರ್ಷ ನನಗೆ. ಅಪ್ಪ ಕೊಯ್ಯುತ್ತಿದ್ದ.
ಬೋಗುಣಿ ಹಿಡಿಯುವುದು, ರಕ್ತ ಹೆಪ್ಪುಗಟ್ಟದ ಹಾಗೆ
ಕೈಯಾಡಿಸುವುದು ನನ್ನ ಕೆಲಸ.
ಬೆಚ್ಚಗಿತ್ತು.
ಆ ಡಿಸೆಂಬರಿನಲ್ಲಿ ಮನೆಯಲ್ಲಿ ಬೇರೆ ಯಾವುದೂ ಬೆಚ್ಚಗಿರಲಿಲ್ಲ."
ಇಷ್ಟು ಮೆಲ್ಲಗೆ ಆಡಿದ ಮಾತು
ಹೇಗೆ ಸೀಳು ದಾಟಿ ಬಂತೋ ಕಾಣೆ.
ಮುದ್ರೆ ಒತ್ತಿದೆ. ಎರಡು ಸಲ ಒತ್ತಿದೆ, ಒಂದೇ ಸಾಕಿತ್ತು.

ಮೇ ಏಳಕ್ಕೆ ಮನಿಯಾರ್ಡರಿನ ಜೊತೆ ಒಂದು ಪೊಟ್ಟಣ.
ಎರಡು ಕಿಲೋ ಮುನ್ನೂರು ಗ್ರಾಂ.
"ಒಳಗೇನು?"
"ಸಿಪ್ಪೆ."
ಮೆಟ್ಟಿಲ ಮನೆಯವರೆಲ್ಲ ಅವಳ ಬಾಗಿಲ ಹಿಡಿಕೆಗೆ
ಚೀಲ ಸಿಕ್ಕಿಸಿ, ಗಂಟೆ ಒತ್ತಿ ಓಡುತ್ತಾರಂತೆ.
ನಾಲ್ಕನೇ ಮಹಡಿಯ ಹೆಂಡತಿ ಸತ್ತವನು
ಸೇಬು ಸೇರದಿದ್ದರೂ ದಿನಕ್ಕೆರಡು ತಿನ್ನುತ್ತಾನಂತೆ.
ಹೀಟರಿನ ಮೇಲೆ ಹರವಿ ಒಣಗಿಸಿದ್ದು,
ಮನೆಯೆಲ್ಲ ಘಮಘಮ, "ನನಗೆ ವಾಸನೆ ತಿಳಿಯುತ್ತದೆ ಇನ್ನೂ,
ಅಂದರೆ ನನಗೆ ಬಂದಿಲ್ಲ ಅದು."

ಬೆಲೆ ಎಂಬ ಚೌಕ ಖಾಲಿ.
ಸೊನ್ನೆ ಹಾಕಿದರೆ ಕಂಪ್ಯೂಟರು ಒಪ್ಪುವುದಿಲ್ಲ.
"ನೀನೇ ಏನಾದರೂ ಹಾಕು ಮಗಳೇ,
ನಾನು ಸಿಪ್ಪೆ ಮಾರಿದವಳಲ್ಲ."
ಒಂದು ಜ್ಲೋಟಿ ಅಂತ ಹಾಕಿದೆ.

ಸಂಜೆ ವ್ಯಾನಿಗೆ ಹೇರುವಾಗ
ಎತ್ತಿ, ಯಾರೂ ನೋಡದಾಗ, ಒಮ್ಮೆ ಅಲ್ಲಾಡಿಸಿದೆ.
ಒಣಸಿಪ್ಪೆಯ ಸರಬರದ ನಡುವೆ
ಗಡಗಡ.
ಗುಂಡಿಯೋ ಅಕ್ರೋಟೋ,
ಗಾಜಿನ ಈಚೆ ಕೂತವಳಿಗೆ ಹೇಗೆ ಗೊತ್ತಾಗಬೇಕು.
ಹಂದಿಗೆ ಗೊತ್ತಾಗುತ್ತದೆ.